ಟ್ಯಾಂಕಿನ ಹಿಂದಿನ ಮೂಲೆ

ಲಾರಿಗೆ ತಾಡಪಾಲು ಹೊಲಿಯುವವರಿಗೆ ಮೂಲೆ ಎಂದರೆ ಒಂದೇ ಬಗೆಯ ಮೂಲೆ. ಗಾರೆಯವರ ಮೂಲೆಮಟ್ಟದ ಹಾಗೆ ನೆಟ್ಟಗೆ. ಬಟ್ಟೆಯನ್ನು ನಡುವೆ ಮಡಚಿ ಅಂಚಿಗೆ ಅಂಚು ಕೂಡಿಸಿದರೆ ಅದು ತಾನಾಗಿ ಸರಿಯಾಗುತ್ತದೆ, ಅಳೆಯುವ ಮಾತೇ ಇಲ್ಲ. ದಾವಣಗೆರೆಯಲ್ಲಿ ನಮ್ಮ ಅಂಗಡಿಗೆ ಬರುವ ಡ್ರೈವರುಗಳು ಉದ್ದ ಹೇಳುತ್ತಾರೆ, ಅಗಲ ಹೇಳುತ್ತಾರೆ, ಚಹಾ ಕುಡಿಯಲು ಹೋಗುತ್ತಾರೆ. ಮೂಲೆ ಎಷ್ಟು ಎಂದು ಒಬ್ಬನೂ ಕೇಳಿದ್ದಿಲ್ಲ. ಹೋದ ಬೇಸಿಗೆಯಲ್ಲಿ ಹರಿಹರದ ಒಂದು ಅಂಗನವಾಡಿಯ ಅಂಗಳಕ್ಕೆ ಮೂರು ಮೂಲೆಯ ನೆರಳು ಹೊಲಿದುಕೊಡಲು ಒಪ್ಪಿದಾಗ ನಾನು ಯೋಚಿಸಿದ್ದು ಇಷ್ಟೇ: ನಾಲ್ಕರಲ್ಲಿ ಒಂದು ಕಡಿಮೆ, ಕೆಲಸವೂ ಅಷ್ಟು ಕಡಿಮೆ.

ಒಪ್ಪಿಸಿದವಳು ಸೊಸೆ. ಅವಳ ತವರು ಹರಿಹರ. ನಮ್ಮ ಮನೆಮಾತು ಉರ್ದು, ಆದರೆ ಅವಳು ಹಟಕ್ಕೆ ನಿಂತರೆ ಕನ್ನಡಕ್ಕೆ ಇಳಿಯುತ್ತಾಳೆ. ಅವತ್ತು ಬೆಳಿಗ್ಗೆಯಿಂದಲೇ ಕನ್ನಡ.

"ಅಮ್ಮೀ, ನನ್ನ ತಂಗಿ ಮಗಳು ಅಲ್ಲೇ ಹೋಗ್ತಾಳ. ಕೋಣಿಗೆ ತಗಡಿನ ಮಾಡು. ಒಳಗ ಕೂತ್ರೆ ಬೇಯ್ತಾವು ಹುಡುಗ್ರು. ಅಂಗಳದಾಗ ಕೂಡ್ಸೋಣಂದ್ರೆ ಒಂದು ಹಿಡಿ ನೆರಳಿಲ್ಲ. ಸೋಮವಾರ ಸೂಪರ್‌ವೈಸರ್ ಬರ್ತಾರಂತ. ಅಷ್ಟ್ರಾಗ ನೆರಳು ಆಗ್ಲಿಲ್ಲ ಅಂದ್ರೆ ಅಂಗನವಾಡೀನ ದೊಡ್ಡ ರಸ್ತಿ ಆಚಿಗಿನ ಸಮುದಾಯ ಭವನಕ್ಕ ಹಾಕ್ತೀವಿ ಅಂತ ಹೇಳಿ ಹೋಗ್ಯಾರ."

ದೊಡ್ಡ ರಸ್ತೆ ಎಂದರೆ ಲಾರಿಗಳ ರಸ್ತೆ. ಆ ಲಾರಿಗಳಿಗೇ ಹೊಲಿಯುವವಳು ನಾನು, ಅವು ಹೇಗೆ ಓಡುತ್ತವೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆ ಓಣಿಯ ತಾಯಂದಿರೆಲ್ಲ ಹೊತ್ತು ಏರುವುದರೊಳಗೆ ಕೂಲಿಗೆ ಹೋಗುವವರು. ದಿನಾ ಎರಡು ಹೊತ್ತು ಮಕ್ಕಳನ್ನು ರಸ್ತೆ ದಾಟಿಸುವವರು ಯಾರು? ಅಂಗನವಾಡಿ ಆಚೆ ಹೋದರೆ ಮಕ್ಕಳು ಮನೆಯ ಬಾಗಿಲಲ್ಲೇ ಉಳಿಯುತ್ತವೆ. ಊಟವೂ ಹೋಯಿತು, ಮೊಟ್ಟೆಯೂ ಹೋಯಿತು. ತಾಯಂದಿರೆಲ್ಲ ಕೂಡಿ ಬಟ್ಟೆಯನ್ನು ಆಗಲೇ ತಂದು ಇಟ್ಟಿದ್ದರು: ದಪ್ಪ ಕ್ಯಾನ್ವಾಸು, ಒಂದು ಮೈಗೆ ನೀಲಿ ಬಣ್ಣದ ಲೇಪ, ಇನ್ನೊಂದು ಮೈ ಮಣ್ಣಿನ ಬಣ್ಣ. ಇದ್ದದ್ದು ಅಷ್ಟೇ. ಕತ್ತರಿ ತಪ್ಪಿದರೆ ಇನ್ನೊಂದು ಬಟ್ಟೆ ಇರಲಿಲ್ಲ.

ಗುರುವಾರ ಬಸ್ಸು ಹತ್ತಿ ಇಬ್ಬರೂ ಹೋದೆವು. ಎರಡು ಓಣಿ ಕವಲೊಡೆಯುವ ಜಾಗದಲ್ಲಿ ಬೆಣೆ ಹೊಡೆದ ಹಾಗೆ ಆ ಅಂಗಳ. ಒಂದು ಬದಿಗೆ ಕೋಣೆಯ ಗೋಡೆ. ಅದರ ಎಡ ತುದಿಯಿಂದ ಒಂದು ಕಾಂಪೌಂಡು ಗೋಡೆ ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತದೆ. ಬಲ ತುದಿಯಿಂದ ಇನ್ನೊಂದು ಗೋಡೆ ಒಳಕ್ಕೆ ಒರಗಿಕೊಂಡು ಹೋಗುತ್ತದೆ. ಎರಡೂ ಹೋಗಿ ಕೂಡುವಲ್ಲಿ ಚೂಪು ಮೂಲೆ. ಮೂರೂ ಮೂಲೆಯಲ್ಲಿ ಗೋಡೆಯ ಮೇಲೆ ಕಬ್ಬಿಣದ ಕಂಬಿ ನೆಟ್ಟು ಕೊಕ್ಕೆ ಹಾಕಿಸಿದ್ದರು. ಎಲ್ಲ ಸರಿ, ಆದರೆ ಆ ಚೂಪು ಮೂಲೆಯೊಳಕ್ಕೆ ಯಾರೋ ಪುಣ್ಯಾತ್ಮ ಒಂದು ಸಿಮೆಂಟಿನ ನೀರಿನ ಟ್ಯಾಂಕು ಕೂರಿಸಿದ್ದ. ಅದರ ಹಿಂದೆ ಇಲಿ ಹೋಗಬೇಕು, ಮನುಷ್ಯರಲ್ಲ.

ಗೋಡೆಗಳ ಉದ್ದ ಅಳೆದೆವು. ಅಷ್ಟು ಸಾಕು ಎಂದು ನಾನು ಟೇಪು ಸುತ್ತಿದೆ. ಸೊಸೆ ಕೇಳಿದಳು, "ಪಟ್ಟಿ ತುದೀನ ಎಷ್ಟು ಓರೆ ಕತ್ತರಿಸ್ತೀರಿ?"

ಸರಿಯಾದ ಪ್ರಶ್ನೆ. ನಮ್ಮ ಬಟ್ಟೆ ಬರುವುದು ಪಟ್ಟಿ ಪಟ್ಟಿಯಾಗಿ. ಕೋಣೆಯ ಗೋಡೆಗೆ ಉದ್ದನೆಯ ಪಟ್ಟಿ, ಅದರ ಮುಂದೆ ಸ್ವಲ್ಪ ಗಿಡ್ಡದ್ದು, ಹೀಗೆ ಗಿಡ್ಡವಾಗುತ್ತ ಚೂಪಿನವರೆಗೆ ಜೋಡಿಸಿ ಹೊಲಿಯಬೇಕು. ಪ್ರತಿ ಪಟ್ಟಿಯ ಎರಡೂ ತುದಿ ಓರೆ, ಎಡಕ್ಕೆ ನೆಟ್ಟಗೆ ಕಾಣುವಷ್ಟು ಸಣ್ಣ ಓರೆ, ಬಲಕ್ಕೆ ದೊಡ್ಡ ಓರೆ. ಇಡೀ ಬಟ್ಟೆಯನ್ನು ಹರಡಿ ಗೆರೆ ಎಳೆಯೋಣ ಎಂದರೆ ನಮ್ಮ ಅಂಗಡಿ ಓಣಿಗಿಂತ ಕಿರಿದು. ಓರೆ ಗೊತ್ತಿರಲೇಬೇಕು. ಅಂದರೆ ಮೂಲೆ ಅಳೆಯಬೇಕು.

ಜೊತೆಗೆ ತಂದಿದ್ದ ಎರಡು ಮರದ ಗಜಪಟ್ಟಿಗಳ ತುದಿಗೆ ತೂತು ಕೊರೆದು ಬೋಲ್ಟು ಹಾಕಿದೆ. ಮೂಲೆಗೆ ಒತ್ತಿ ಎರಡೂ ಗೋಡೆಗೆ ತಾಗುವಂತೆ ಅಗಲಿಸಿ ಬೋಲ್ಟು ಬಿಗಿದರೆ ಮೂಲೆ ಕೈಗೇ ಬಂತು. ಅದನ್ನು ನ್ಯೂಸ್‌ಪೇಪರಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ. 'ಎಡ' ಎಂದು ಬರೆದೆ. ಇನ್ನೊಂದಕ್ಕೆ 'ಬಲ'. ನಾನು ಓದಿದ ನಾಲ್ಕನೇ ಇಯತ್ತೆಗೆ ಅಷ್ಟು ಬರವಣಿಗೆ ಸಾಕು.

ಮೂರನೆಯದಕ್ಕೆ ಟ್ಯಾಂಕಿನ ಮೇಲೆ ಹತ್ತಿ ಬೋರಲು ಮಲಗಿ ಕೈ ಇಳಿಬಿಟ್ಟೆ. ಸೊಸೆ ಕಾಲು ಹಿಡಿದುಕೊಂಡಳು.

"ಅಮ್ಮೀ, ಬಿದ್ರೆ ನಾನು ನಿಮ್ಮ ಮಗನಿಗೆ ಏನಂತ ಹೇಳ್ಲಿ?"

"ಮೂಲಿ ಅಳಿಯಾಕ ಹೋಗಿ ಮೂಲಿಗೆ ಬಿದ್ಲು ಅಂತ ಹೇಳು. ಸುಮ್ನೆ ಗಟ್ಟಿ ಹಿಡ್ಕೋ."

ಕೆಳಗೆ ನೀರಿನ ಪೈಪು ಅಡ್ಡ. ಗಜಪಟ್ಟಿ ಅದಕ್ಕೆ ತಾಗುತ್ತಿತ್ತು. ಆದಷ್ಟು ಅಂದಾಜಿನಲ್ಲಿ ಬೋಲ್ಟು ಬಿಗಿದು ಮೇಲೆಳೆದುಕೊಂಡೆ. ಅದರದ್ದೂ ಒಂದು ಕಾಗದ ಕತ್ತರಿಸಿದೆ.

ಅಷ್ಟು ಹೊತ್ತಿಗೆ ಮಕ್ಕಳಿಗೆ ಊಟ ಬಡಿಸಿ ಮುಗಿಸಿದ ಟೀಚರ್ ಬಂದರು. ಕಡರನಾಯಕನಹಳ್ಳಿಯಿಂದ ದಿನಾ ಬಂದು ಹೋಗುವ ಹೆಣ್ಣುಮಗಳು. ಮೂರು ಕಾಗದದ ತುಂಡು ನೋಡಿ, ಅವನ್ನು ತಿರುಗಿಸಿ ತಿರುಗಿಸಿ ಇಟ್ಟರು.

"ಅಜ್ಜಿ, ಈ ಮೂರೂ ಚೂಪು ಒಂದ್ಕಡಿ ಸೇರ್ಸಿ ಬಾಜೂಕ ಬಾಜೂ ಇಟ್ರೆ ಸೀದಾ ಗೆರಿ ಆಗ್ಬೇಕ್ರಿ. ಹೈಸ್ಕೂಲಾಗ ಹೇಳಿಕೊಟ್ಟಿದ್ರು. ನೂರಾ ಎಂಬತ್ತು ಡಿಗ್ರಿ ಅಂತ."

ಬಾಗಿಲ ಹೊಸ್ತಿಲಿನ ನೇರಕ್ಕೆ ಜೋಡಿಸಿದೆವು. ಎಡ, ಬಲ ಕೂತವು. ಮೂರನೆಯದು ಹೊಸ್ತಿಲನ್ನು ದಾಟಿ ಕೆಳಗಿಳಿಯಿತು.

"ಅದು ಪುಸ್ತಕದ ತ್ರಿಕೋನಕ್ಕೆ ಇರ್ಬೇಕು ತಾಯಿ" ಎಂದೆ. "ಇದು ಹರಿಹರದ್ದು."

"ಇಲ್ರಿ ಅಜ್ಜಿ, ಯಾವ್ದು ಕತ್ತರಿಸಿದ್ರೂ ಅಷ್ಟೇ. ಬೇಕಿದ್ರೆ ನೋಡ್ರಿ."

ನೋಡೇಬಿಡೋಣ ಎಂದು ಪೇಪರಿನಿಂದ ಒಂದು ಮೂರು ಮೂಲೆಯ ತುಂಡು ಕತ್ತರಿಸಿ, ಮೂಲೆಗಳನ್ನು ಹರಿದು ಹೊಸ್ತಿಲಿಗೆ ಇಟ್ಟೆ. ಸೀದಾ. ಏನೋ ಕೂಡಿಬಂದಿರಬೇಕು ಎಂದು ಇನ್ನೊಂದು ಕತ್ತರಿಸಿದೆ, ಚೂರಿಯ ಹಾಗೆ ಉದ್ದ ಸಣ್ಣದು. ಸೀದಾ. ಈಗ ನನಗೆ ಹಟ ಬಂತು. ಇದನ್ನು ಸೋಲಿಸಲೇಬೇಕು ಎಂದು ಚಪ್ಪಟೆ ಮಲಗಿದ್ದೊಂದು ಕತ್ತರಿಸಿದೆ: ಎರಡು ಮೂಲೆ ಸೂಜಿಯಷ್ಟು, ಒಂದು ಮೂಲೆ ಬಾಯಿ ತೆರೆದುಕೊಂಡು ಬಿದ್ದಷ್ಟು ಅಗಲ. ಈ ಸಲ ಸಿಕ್ಕಿಬಿತ್ತು ಎಂದುಕೊಂಡೆ. ಹರಿದೆ, ಇಟ್ಟೆ. ಅದೂ ಸೀದಾ! ಸ್ಕೇಲು ಇಟ್ಟರೆ ಬೆಳಕು ಕಾಣದಷ್ಟು ಸೀದಾ. ಒಂದು ಮೂಲೆ ಉಬ್ಬಿದರೆ ಉಳಿದೆರಡು ಅಷ್ಟೇ ಇಳಿಯುತ್ತವೆ, ಒಟ್ಟು ಮಾತ್ರ ಕದಲುವುದಿಲ್ಲ. ಜೀವಮಾನವೆಲ್ಲ ಬಟ್ಟೆ ಕತ್ತರಿಸಿ ಮೂಲೆ ತುಂಡುಗಳನ್ನು ಕಸಕ್ಕೆ ಗುಡಿಸಿದ್ದೇನೆ. ಒಮ್ಮೆಯಾದರೂ ಮೂರನ್ನು ಜೋಡಿಸಿ ನೋಡಬಾರದಿತ್ತೇ! ನಾನು ಜೋರಾಗಿ ನಗತೊಡಗಿದೆ. ಮಕ್ಕಳೆಲ್ಲ ಸುತ್ತ ಬಂದು ಕೂತು ತಾವೂ ಕಾಗದ ಹರಿಯಲು ಶುರು ಮಾಡಿದವು. ಟೀಚರ್ ತಲೆಗೆ ಕೈ ಹಚ್ಚಿಕೊಂಡರು, "ಇದು ಇವತ್ತಿನ ಪೇಪರ್ರೀ, ನಾನಿನ್ನೂ ಓದಿಲ್ಲ."

ನಗು ನಿಂತ ಮೇಲೆ ಯೋಚನೆ. ನಮ್ಮ ಮೂರರಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಯಾವುದು? ಎಡ, ಬಲ ಎರಡನ್ನೂ ಮತ್ತೆ ಅಳೆದೆ. ಗಿಲಾವು ಉಬ್ಬಿದ ಕಡೆ ಗಜಪಟ್ಟಿ ಮೋಸ ಮಾಡೀತೆಂದು ಈ ಸಲ ಗೋಡೆಯುದ್ದಕ್ಕೂ ಸುತಳಿ ಬಿಗಿದು, ಸುತಳಿಗೆ ಗಜಪಟ್ಟಿ ಹಿಡಿದೆ. ಮೊದಲಿನದೇ ಬಂತು. ಹಾಗಾದರೆ ಸುಳ್ಳು ಟ್ಯಾಂಕಿನ ಹಿಂದಿನದು, ಪೈಪಿಗೆ ತಾಗಿ ಅಗಲವಾದದ್ದು. ಅದನ್ನು ಮುದುರಿ ಎಸೆದು, ಹೊಸ್ತಿಲಿಗೆ ಎಡ ಬಲ ಇಟ್ಟು, ನಡುವೆ ಉಳಿದ ಸಂದಿಯಷ್ಟೇ ಒಂದು ಹೊಸ ಕಾಗದ ಕತ್ತರಿಸಿದೆ.

"ಆಯ್ತಲ್ಲ, ಇನ್ನು ನಡೀರಿ" ಎಂದಳು ಸೊಸೆ. "ಬಸ್ಸು ಹೋಗ್ತೈತೆ."

ನನಗೆ ಸಮಾಧಾನವಿಲ್ಲ. ಮೊದಲ ಎರಡರಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಆಗಿದ್ದರೂ ಉಳಿದದ್ದು ತಪ್ಪುತ್ತದೆ. ಕಾಣದ ಮೂಲೆಗೆ ಬೇರೆಯವರ ಬಟ್ಟೆ ಕತ್ತರಿಸುವುದು ಹೇಗೆ? ಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚುತ್ತ ಕೂತಿದ್ದೆ. ನೋಡುತ್ತ ನೋಡುತ್ತ ಕೈ ನಿಂತಿತು. ಕತ್ತರಿಯ ಬಾಯಿ ಎಷ್ಟು ತೆರೆಯುತ್ತದೋ ಈಚೆ ಹಿಡಿಕೆಯೂ ಅಷ್ಟೇ ತೆರೆಯುತ್ತದೆ! ಬಾಯಿಯೊಳಗೆ ಕೈ ಹಾಕಲಾಗದಿದ್ದರೆ ಹಿಡಿಕೆಯ ಕಡೆ ಅಳೆದರಾಯಿತು.

"ಸುತಳಿ ತಗೋ, ಹೊರಗ ನಡಿ" ಎಂದು ಸೊಸೆಯನ್ನು ಎಬ್ಬಿಸಿದೆ.

ಆ ಚೂಪು ಮೂಲೆಯ ಹೊರಗಡೆಯೇ ಓಣಿಯ ಕವಲು. ಎಡ ಗೋಡೆಯ ತಲೆಯ ಮೇಲೆ ಒಂದು ಸುತಳಿ, ಬಲ ಗೋಡೆಯ ತಲೆಯ ಮೇಲೆ ಒಂದು. ಎರಡನ್ನೂ ಗೋಡೆಯ ನೇರಕ್ಕೇ ಎಳೆದು, ಮೂಲೆ ದಾಟಿಸಿ, ಓಣಿಯವರೆಗೆ ತಂದೆವು. ಒಂದರ ತುದಿ ಸೊಸೆಯ ಕೈಯಲ್ಲಿ, ಒಂದರದು ಟೀಚರ್ ಕೈಯಲ್ಲಿ. ಮೂಲೆಯ ಕಂಬಿಯ ಹತ್ತಿರ ಸುತಳಿಗಳು ಕತ್ತರಿಯ ಹಾಗೆ ಹಾದುಹೋದವು. ಬಾಯಿ ಟ್ಯಾಂಕಿನ ಕಡೆ, ಹಿಡಿಕೆ ನಮ್ಮ ಕಡೆ.

ಓಣಿಗೆ ಅಡ್ಡ ಸುತಳಿ ಕಂಡು ಎದುರು ಮನೆಯ ಹೆಂಗಸು ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. "ಏನ್ರಿ, ರಸ್ತಿ ಅಗಲ ಮಾಡ್ತಾರೇನ್ರಿ? ನಮ್ಮ ಕಟ್ಟಿ ಒಡಿತಾರೇನ್ರಿ?"

"ಯಾರ ಕಟ್ಟಿನೂ ಒಡಿಯಂಗಿಲ್ಲವ್ವ" ಎಂದರು ಟೀಚರ್. "ಅಜ್ಜಿ ಮೂಲಿ ಅಳಿತಾರ."

"ಮೂಲಿ ಒಳಗೈತೆ, ಹೊರಗ ನಿಂತು ಅಳಿಯೋದು ಯಾಕ?"

ಹಿಂದೆ ಆಟೋದವನು ಹಾರನ್ನು ಒತ್ತಿಹಿಡಿದ. "ಅಜ್ಜಿ, ಲಗೂನ ಅಳೀರಿ, ಪ್ಯಾಸೆಂಜರು ಇಳಿದು ನಡ್ಕೊಂಡು ಹೋಗ್ತಾನ."

"ಹೋಗ್ಲಿ ಬಿಡು, ಕಾಲಿಗೆ ಒಳ್ಳೇದು."

ಸ್ಟೂಲು ಹತ್ತಿ ಸುತಳಿಗಳಿಗೆ ಗಜಪಟ್ಟಿ ಹಿಡಿದು ಬೋಲ್ಟು ಬಿಗಿದೆ. ಅಲ್ಲೇ ಗೋಡೆಗೆ ಕಾಗದ ಒತ್ತಿ ಗೆರೆ ಎಳೆದೆ, ಕತ್ತರಿಸಿದೆ. ಹೊಸ್ತಿಲಿನಲ್ಲಿ ಉಳಿದ ಸಂದಿಯಿಂದ ತೆಗೆದ ಕಾಗದವನ್ನು ಅದರ ಮೇಲಿಟ್ಟೆ. ಅಂಚಿಗೆ ಅಂಚು. ಒಂದರ ಹಿಂದೆ ಒಂದು ಅಡಗಿತು. ಎರಡು ಬೇರೆ ದಾರಿಯಿಂದ ಬಂದದ್ದು ಒಂದೇ ಮೂಲೆ! ನಾನು ಸ್ಟೂಲಿನ ಮೇಲೆ ನಿಂತೇ ಕೂಗಿಬಿಟ್ಟೆ. ಸೌಟಿನ ಹೆಂಗಸಿಗೆ ಏನೂ ತಿಳಿಯಲಿಲ್ಲ, ಆದರೂ ಅವಳು ನಕ್ಕಳು. ಆಟೋದವನು ಹೋದ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅಂಗಡಿ ತೆರೆದು, ಹಿಂದಿನ ಸಂಜೆ ಹರಿಹರದಿಂದ ಹೊತ್ತುತಂದ ಬಟ್ಟೆ ಬಿಚ್ಚಿದೆವು. ಸೊಸೆ ಇನ್ನೂ ಹಿಂಜರಿಯುತ್ತಿದ್ದಳು. ಸ್ವಲ್ಪ ದೊಡ್ಡದಾಗಿ ಕತ್ತರಿಸೋಣ, ಹೆಚ್ಚಾದದ್ದನ್ನು ಅಲ್ಲೇ ಮಡಚಿ ಕಟ್ಟೋಣ ಎಂದಳು. ಲಾರಿಗೆ ಅದು ನಡೆಯುತ್ತದೆ, ಸರಕಿನ ಕೆಳಗೆ ತುರುಕುತ್ತಾರೆ. ಗಾಳಿಯಲ್ಲಿ ನೇತಾಡುವ ಬಟ್ಟೆಗೆ ಮಡಿಕೆ ಉಳಿದರೆ ಪಟಪಟ ಬಡಿದುಕೊಂಡು ಹರಿಯುತ್ತದೆ. "ಮೂಲಿ ಸಿಕ್ಕೈತೆ, ಇನ್ನು ಅಂಜಿಕಿ ಯಾಕ?" ಎಂದು ಕತ್ತರಿ ಹಾಕಿಯೇ ಬಿಟ್ಟೆ. ಎಡ ಕಾಗದ ಎಡ ತುದಿಗೆ, ಬಲ ಕಾಗದ ಬಲ ತುದಿಗೆ. ಸೀಮೆಸುಣ್ಣದ ಗೆರೆ, ಕತ್ತರಿ, ಮುಂದಿನ ಪಟ್ಟಿ. ಕೈ ಓಡುತ್ತಿತ್ತು. ಸಂಜೆಗೆ ಎಲ್ಲ ಪಟ್ಟಿಗಳೂ ಮುಗಿದವು.

ಸೊಸೆ ಪಟ್ಟಿಗಳನ್ನು ನೀಲಿ ಮೈ ಮೇಲೆ ಮಾಡಿ ಒಂದರ ಮೇಲೊಂದು ಜೋಡಿಸತೊಡಗಿದಳು. ನಡುವೆ ನಿಲ್ಲಿಸಿದಳು.

"ಅಮ್ಮೀ, ನೆಟ್ಟನ್ನ ತುದಿ ಬಲಕ್ಕ ಬಂತಲ್ಲ?"

"ತಿರುವಿ ಇಟ್ಟಿರ್ತೀ."

"ಹೆಂಗ ತಿರುವಿದ್ರೂ ಬಲಕ್ಕೇ ಬರ್ತೈತೆ. ನೀವೇ ನೋಡ್ರಿ."

ನೋಡಿದೆ. ಅವಳು ಹೇಳಿದ್ದು ನಿಜ. ನೀಲಿ ಲೇಪದ ಮೇಲೆ ಸುಣ್ಣ ಹತ್ತುವುದಿಲ್ಲ. ಅದಕ್ಕೇ ತಾಡಪಾಲಿನವರು ಯಾವಾಗಲೂ ಗೆರೆ ಎಳೆಯುವುದು ಹಿಂದಿನ ಮೈಗೆ. ನಾನೂ ಯೋಚಿಸದೆ ಮಣ್ಣಿನ ಬಣ್ಣದ ಮೈಗೇ ಎಳೆದಿದ್ದೆ. ಲಾರಿಯ ತಾಡಪಾಲಿಗೆ ಹೇಗೆ ಬೋರಲು ಹಾಕಿದರೂ ಅದೇ ಆಕಾರ, ನಾಲ್ಕೂ ಮೂಲೆ ಅಕ್ಕತಂಗಿಯರು. ಈ ಮೂರು ಮೂಲೆಯದು ಹಾಗಲ್ಲ. ನೀಲಿ ಮೇಲೆ ಮಾಡಿದ ಕೂಡಲೇ ಎಡ ಹೋಗಿ ಬಲ, ಬಲ ಹೋಗಿ ಎಡ. ನಮ್ಮ ಅಂಗಳಕ್ಕಲ್ಲ, ಕನ್ನಡಿಯೊಳಗಿನ ಅಂಗಳಕ್ಕೆ ಕತ್ತರಿಸಿ ಕೂತಿದ್ದೆ.

"ಎರಡು ದಿನದಿಂದ ಮೂಲಿ ಮೂಲಿ ಅಂತ ಕುಣಿದ್ರಿ" ಎಂದಳು ಸೊಸೆ. "ನನ್ನ ತಂಗಿಗೆ ಏನಂತ ಹೇಳ್ಲಿ? ಅವರೆಲ್ಲ ಕೂಡಿ ತಂದ ಬಟ್ಟಿ."

"ಬಾಯಿ ಮುಚ್ಚು. ಯೋಚ್ನಿ ಮಾಡಾಕ ಬಿಡು."

ತುಂಡು ಹಚ್ಚಿ ಸರಿಮಾಡುವುದೇ? ಪ್ರತಿ ತುದಿಗೂ ತೇಪೆ ಬೇಕು, ಬಟ್ಟೆ ಎಲ್ಲಿದೆ? ಚಿಕ್ಕದು ಮಾಡಿ ಮತ್ತೆ ಕತ್ತರಿಸುವುದೇ? ಅರ್ಧ ಅಂಗಳ ಬಿಸಿಲಿಗೆ ಬೀಳುತ್ತದೆ. ಪಟ್ಟಿಗಳನ್ನು ಒಂದೊಂದಾಗಿ ನನ್ನ ಕಡೆಗೆ ಎಳೆದುಕೊಂಡು ಸುಣ್ಣದ ಗೆರೆ ನೋಡುತ್ತ ಕೂತೆ. ಗೆರೆ ನನ್ನ ಕಡೆ ಇದ್ದಾಗ ಎಲ್ಲವೂ ಸರಿ. ಎಡ ಎಡಕ್ಕೇ, ಬಲ ಬಲಕ್ಕೇ. ಕಾಗದ ಇಟ್ಟು ನೋಡಿದೆ, ಒಂದು ಎಳೆಯೂ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಮೂಲೆಯಲ್ಲ, ಮೈ.

"ಬೋರಲು ಹೊಲಿಯೋಣ" ಎಂದೆ. "ಮಣ್ಣಿನ ಬಣ್ಣ ಮ್ಯಾಲೆ. ನೀಲಿ ಕೆಳಗ."

"ಲೇಪ ಒಳಗ ಹಾಕಿ ಯಾರಾರ ಹೊಲಿತಾರ? ಬಜಾರಿನವ್ರು ಉಗಿತಾರ."

"ಬಜಾರಿನವ್ರು ಆ ಅಂಗಳದಾಗ ಕೂಡಂಗಿಲ್ಲ."

ಅವಳ ಮಾತು ಪೂರಾ ತಪ್ಪಲ್ಲ. ಲೇಪವಿಲ್ಲದ ಮೈ ಮೇಲಿದ್ದರೆ ಬಟ್ಟೆ ಮಳೆ ನೀರು ಕುಡಿಯುತ್ತದೆ, ಭಾರವಾಗುತ್ತದೆ, ಬೇಗ ಕೊಳೆಯುತ್ತದೆ. ಆದರೆ ಇದು ಬೇಸಿಗೆಯ ನೆರಳು. ಟೀಚರಿಗೆ ಫೋನು ಹಚ್ಚಿ ಆದದ್ದನ್ನು ಆದ ಹಾಗೆ ಹೇಳಿದೆ. ಮಳೆಗಾಲಕ್ಕೆ ಇಳಿಸಿ ಒಳಗಿಡುತ್ತೀರಾ ಎಂದು ಕೇಳಿದೆ. "ಮಳೆಗಾಲಕ್ಕ ಕೋಣಿ ತಂಪಿರ್ತೈತ್ರಿ ಅಜ್ಜಿ, ಒಳಗ ಕೂಡ್ತೀವಿ. ಸೋಮವಾರಕ್ಕ ತಂದ್ರೆ ಸಾಕು" ಎಂದರು.

ಪಟ್ಟಿಗಳನ್ನು ಹೆಂಚಿನ ಹಾಗೆ ಒಂದರ ಅಂಚು ಒಂದರ ಮೇಲೆ ಬರುವಂತೆ ಮಣ್ಣಿನ ಮೈ ಮೇಲಿಟ್ಟು ಜೋಡಿಸಿದೆವು. ಅಂಚಿನ ಮಡಿಕೆ ನೀಲಿಯ ಕಡೆಗೆ, ಒಳಗೆ ಹಗ್ಗ. ಇಬ್ಬರೂ ಎರಡು ಮಷೀನಿಗೆ ಕೂತೆವು. ಚೂಪು ಮೂಲೆಗೆ ಎಲ್ಲ ಎಳೆತವೂ ಬೀಳುವುದರಿಂದ, ಸಂದಿಯಿಂದ ತೆಗೆದ ಆ ಕಾಗದವನ್ನೇ ಇಟ್ಟು, ಇಮ್ಮಡಿ ಬಟ್ಟೆ ಕತ್ತರಿಸಿ ತೇಪೆ ಕೊಟ್ಟು, ಕಬ್ಬಿಣದ ರಿಂಗನ್ನು ಕೈಯಿಂದಲೇ ಹೊಲಿದೆ. ದಪ್ಪ ಸೂಜಿ, ಮೇಣ ಸವರಿದ ದಾರ. ಬೆರಳು ಎರಡು ಕಡೆ ಒಡೆಯಿತು. ಒಡೆಯಲಿ, ಆ ಮೂಲೆಯನ್ನು ಮಷೀನಿಗೆ ಕೊಡಲು ಮನಸ್ಸಾಗಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಗಂಟು ಹೊತ್ತು ಹೋದೆವು. ಓಣಿಯ ತಾಯಂದಿರು ಕೆಲಸಕ್ಕೆ ಹೋಗದೆ ನಿಂತಿದ್ದರು. ಸೊಸೆಯ ತಂಗಿ ತನ್ನ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನಲ್ಲಿ ನಿಂತವಳು ಮಗುವನ್ನು ಕೆಳಗಿಳಿಸಲೇ ಇಲ್ಲ. ಬಟ್ಟೆ ಬಿಚ್ಚಿ ಎಡದ ರಿಂಗು ಸಿಕ್ಕಿಸಿದೆವು, ಬಲದ್ದು ಸಿಕ್ಕಿಸಿದೆವು. ಮೂರನೆಯ ತುದಿ ಹಿಡಿದುಕೊಂಡು ನಾನು ಟ್ಯಾಂಕು ಹತ್ತಿದೆ. ಎಳೆದೆ. ರಿಂಗು ಕೊಕ್ಕೆಯ ಹತ್ತಿರ ಬಂತು, ತಾಗಲಿಲ್ಲ.

ಅದೇ ಹೊತ್ತಿಗೆ ಕೊಡೆ ಹಿಡಿದು ಸೂಪರ್‌ವೈಸರ್ ಮೇಡಂ ಬಂದರು. ಟೀಚರ್ ನನ್ನನ್ನು ನೋಡಿದರು, ನಾನು ಕೊಕ್ಕೆಯನ್ನು ನೋಡಿದೆ.

"ಗಿಡ್ಡ ಆತೇನ್ರಿ?" ಎಂದು ಕೆಳಗಿನಿಂದ ಒಬ್ಬಳು ಕೇಳಿದಳು.

"ಗಿಡ್ಡ ಇಲ್ಲ. ಹೊಸ ಬಟ್ಟಿ, ಬಿಗಿ ಐತೆ. ಎಲ್ಲಾರೂ ಅಂಚು ಹಿಡ್ದು ನನ್ನ ಕಡಿ ದಬ್ರಿ. ಒಂದೇ ಸಲ."

ಹೆಂಗಸರು ಎರಡೂ ಗೋಡೆಯ ಬದಿಗೆ ಸಾಲಾಗಿ ನಿಂತು ಕೈ ಎತ್ತಿ ಅಂಚು ಹಿಡಿದರು. ಸೊಸೆ ಒಂದು, ಎರಡು ಎಂದಳು. ಮೂರು ಎನ್ನುವಷ್ಟರಲ್ಲಿ ರಿಂಗು ಕೊಕ್ಕೆಯೊಳಗೆ ಟಕ್ಕೆಂದು ಇಳಿಯಿತು. ಅವರು ಕೈ ಇಳಿಸಿದರು. ನಾನು ಟ್ಯಾಂಕಿನ ಮೇಲಿಂದ ಎಡ ಅಂಚು ನೋಡಿದೆ, ಬಲ ಅಂಚು ನೋಡಿದೆ. ಮೂಲೆ ಒಂದಿಷ್ಟು ತಪ್ಪಿದ್ದರೂ ಒಂದು ಕಡೆ ಜೋಲು ಬೀಳಬೇಕಿತ್ತು. ಎರಡೂ ಗೋಡೆಯ ಉದ್ದಕ್ಕೂ ಅಂಚು ನೇರ. ಬೆರಳಿನಿಂದ ಬಡಿದರೆ ಡಬ್ ಎನ್ನುತ್ತಿತ್ತು.

ಮೇಡಂ ಒಳಗೆ ಬಂದು ಕೊಡೆ ಮಡಚಿದರು. ತಲೆ ಎತ್ತಿ ನೋಡಿದರು.

"ಇದು ಉಲ್ಟಾ ಐತಲ್ರಿ? ನೀಲಿ ಮ್ಯಾಲೆ ಬರ್ಬೇಕಿತ್ತು."

"ಉಲ್ಟಾನೇ ಮೇಡಂ. ಕತ್ತರಿ ಹಾಕುವಾಗ ತಪ್ಪಿದ್ದು ನಾನು. ಮಳಿ ಶುರುವಾಗೂದ್ರೊಳಗ ಇಳಿಸ್ಬೇಕು, ಟೀಚರಿಗೆ ಹೇಳೇನಿ. ಬಿಸಿಲಿಗೆ ಏನೂ ಆಗಂಗಿಲ್ಲ."

ಅವರು ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆದು, ಟ್ಯಾಂಕಿನ ಪಕ್ಕದವರೆಗೂ ಹೋಗಿ, ನೆಲದ ಮೇಲೆ ಎಲ್ಲಾದರೂ ಬಿಸಿಲು ಬಿದ್ದಿದೆಯೇ ಎಂದು ನೋಡಿದರು. ಗೋಡೆಯ ಬುಡದಲ್ಲಿ ದಾರದಷ್ಟು ಗೆರೆ ಬಿಟ್ಟರೆ ಎಲ್ಲೂ ಇರಲಿಲ್ಲ. ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ ಎದ್ದರು.

"ಚಾಪಿ ಹಾಸ್ರಿ ಟೀಚರ್, ಹುಡುಗ್ರನ್ನ ಕೂಡಿಸ್ರಿ. ಭವನದ ಮಾತು ಬ್ಯಾಡ. ಇಲ್ಲೇ ಇರ್ಲಿ."

ಗೇಟಿನಲ್ಲಿದ್ದ ಸೊಸೆಯ ತಂಗಿ ಮಗುವನ್ನು ಆಗ ಕೆಳಗಿಳಿಸಿದಳು. ಮಗು ನೆರಳಿಗೆ ಓಡಿತು. ತಾಯಿ ಕೆಲಸಕ್ಕೆ ಓಡಿದಳು.